ಸತ್ತ ಮೊಲದ ನಂಬರು

ಮೊಲದ ಕಿವಿಯ ಅಂಚಿನಲ್ಲಿ ಹೊಲಿಗೆ ದಾರದಷ್ಟು ಸಣ್ಣ ರಕ್ತನಾಳ ಒಂದಿದೆ. ಅದಕ್ಕೆ ಸೂಜಿ ಚುಚ್ಚಿ, ಮೊಲ ಬೆದರುವ ಮೊದಲೇ ರಕ್ತ ತೆಗೆದು, ಹತ್ತಿ ಒತ್ತಿ, ಮತ್ತೆ ಗೂಡಿಗೆ ಬಿಡಬಲ್ಲವಳು ಆ ಸಂಶೋಧನಾಲಯದಲ್ಲಿ ಒಬ್ಬಳೇ. ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಅವಳ ಕೆಲಸ. ಹಾಗಾಗಿ ಅವಳ ಸ್ವಂತ ಹೆಸರು ಎಲ್ಲರಿಗೂ ಮರೆತುಹೋಗಿ, ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಸರ್ ತನಕ ಎಲ್ಲರ ಬಾಯಲ್ಲೂ ಅವಳು ಸೂಜಿಯಕ್ಕ. ಕೈ ನಡುಗದವಳು ಎಂದು ಹೆಸರು. ಕೈ ನಡುಗದಿದ್ದರೆ ಎದೆಯೂ ನಡುಗುವುದಿಲ್ಲ ಎಂದು ಜನ ತಿಳಿಯುತ್ತಾರೆ. ಜನಕ್ಕೇನು, ಅವರು ನೋಡುವುದು ಕೈಯನ್ನು ಮಾತ್ರ.

ಎದೆ ನಡುಗಲು ಶುರುವಾಗಿದ್ದು ಭಾವ ಸತ್ತ ಬೆಳಗಿನಿಂದ. ಗಂಡನ ಅಣ್ಣ, ಇನ್ನೂ ತಲೆ ನರೆಯದವನು, ಕೆಲಸಕ್ಕೆ ಹೊರಟು ಬಾಗಿಲ ಬಳಿ ಶೂ ಹಾಕಿಕೊಳ್ಳಲು ಬಗ್ಗಿದವನು ಮತ್ತೆ ಮೇಲೇಳಲಿಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಹೋದರು, ಹೊತ್ತುಕೊಂಡೇ ವಾಪಸು ಬಂದರು. ಮಾವನೂ ಹೀಗೆಯೇ, ಮಕ್ಕಳು ಶಾಲೆಗೆ ಹೋಗುವ ಕಾಲಕ್ಕೆ, ಕೂತ ಕುರ್ಚಿಯಲ್ಲೇ ಹೋದವರಂತೆ. "ಈ ಮನೆ ಗಂಡಸರ ಎದೆ ಬಾಳಿಕೆ ಬರಲ್ಲ" ಎಂದು ಸಾವಿಗೆ ಬಂದ ನೆಂಟರೊಬ್ಬರು ಪಕ್ಕದವರ ಹತ್ತಿರ ಹೇಳಿದ್ದು ಅವಳ ಕಿವಿಗೆ ಬಿತ್ತು. ಆಡಿದವರು ಆಡಿ, ಚಹಾ ಕುಡಿದು ಹೋದರು. ಕೇಳಿಸಿಕೊಂಡವಳು ಅಂದಿನಿಂದ ಗಂಡ ಶೂ ಹಾಕಿಕೊಳ್ಳಲು ಬಗ್ಗಿದಾಗಲೆಲ್ಲ ಹತ್ತಿರ ಹೋಗಿ ನಿಲ್ಲತೊಡಗಿದಳು.

ಅವಳ ಗಂಡ ಬೀದಿ ದೀಪ ರಿಪೇರಿ ಮಾಡುವವನು. ಗಾಡಿಯ ಮೇಲೆ ಕಬ್ಬಿಣದ ತೋಳು, ತೋಳಿನ ತುದಿಗೆ ಒಂದು ಬುಟ್ಟಿ, ಬುಟ್ಟಿಯೊಳಗೆ ಇವನು. ಅಷ್ಟು ಎತ್ತರದಲ್ಲಿ ನಿಂತು ಸಿಳ್ಳೆ ಹಾಕುವ ಮನುಷ್ಯ ಆಸ್ಪತ್ರೆಯ ಎರಡು ಮೆಟ್ಟಿಲು ಹತ್ತಲಾರ. ಅಣ್ಣ ಹೋದ ಮೇಲಂತೂ ಅದರ ಹೆಸರು ಎತ್ತುವ ಹಾಗಿಲ್ಲ. "ಅಲ್ಲಿಗೆ ಹೋದ್ರೆ ಇಲ್ಲದ ರೋಗ ಹುಡುಕಿ ಕೊಡ್ತಾರೆ. ನನಗೇನಾಗಿದೆ? ಕಲ್ಲಿನ ಹಾಗಿದ್ದೀನಿ" ಎನ್ನುತ್ತಿದ್ದ. ನಿಜಕ್ಕೂ ಹಾಗೇ ಕಾಣುತ್ತಿದ್ದ, ಅದೇ ತೊಂದರೆ. ಅವನಿಗಿದ್ದ ಒಂದೇ ತಕರಾರು ಶೂಗಳದ್ದು. ಅವನಿಗೂ ಅವನ ಅಣ್ಣನಿಗೂ ಹಿಮ್ಮಡಿಯ ಮೇಲಿನ ನರ ಹೆಬ್ಬೆರಳಿನಷ್ಟು ದಪ್ಪ. ಯಾವ ಶೂ ಕೊಂಡರೂ ಹಿಂದೆ ಉಜ್ಜುತ್ತದೆ, ಹಿಂಭಾಗ ತುಳಿದು ತುಳಿದು ಚಪ್ಪಲಿ ಮಾಡಿಕೊಳ್ಳುತ್ತಾನೆ. "ನಿಮ್ಮ ವಂಶದವರಿಗೆ ಶೂ ಹೊಲಿಯೋದಕ್ಕೆ ಆನೆಗೆ ಲಾಳ ಹೊಡೆಯೋನೇ ಬರಬೇಕು" ಎಂದು ಅವಳು ಮದುವೆಯಾದ ಹೊಸತರಿಂದಲೂ ರೇಗಿಸುತ್ತಿದ್ದಳು. ಅದು ಆ ಮನೆಯ ಹಳೇ ನಗೆಚಾಟಿಕೆ.

ಸಂಶೋಧನಾಲಯದಲ್ಲಿ ನಡೆಯುತ್ತಿದ್ದುದು ಇಷ್ಟು. ಎರಡು ಸಾಲು ಗೂಡು, ಎರಡು ಬಗೆಯ ಆಹಾರ. ಪಿಷ್ಟ ಒಂದೇ, ಕೊಬ್ಬು ಒಂದೇ, ನಾರು ಒಂದೇ. ಪ್ರೊಟೀನ್ ಮಾತ್ರ ಬೇರೆ. ಒಂದು ಸಾಲಿಗೆ ಹಾಲಿನಿಂದ ತೆಗೆದ ಕೇಸಿನ್ ಪುಡಿ, ಇನ್ನೊಂದಕ್ಕೆ ಸೋಯಾ ಪುಡಿ. ಎರಡರಲ್ಲೂ ಕೊಲೆಸ್ಟ್ರಾಲ್ ಎಂಬುದು ಚಿಟಿಕೆಯಷ್ಟೂ ಇಲ್ಲ. ಆದರೂ ವಾರಗಳು ಕಳೆದಂತೆ ಹಾಲಿನ ಸಾಲಿನ ಮೊಲಗಳ ರಕ್ತದಲ್ಲಿ ಕೊಲೆಸ್ಟ್ರಾಲ್ ಏರುತ್ತ ಹೋಗುತ್ತಿತ್ತು, ಸೋಯಾ ಸಾಲಿನದು ಇದ್ದಲ್ಲೇ ಇರುತ್ತಿತ್ತು. ಯಾಕೆ ಹೀಗೆ ಎಂದು ದೊಡ್ಡ ಸರ್ ತಲೆ ಕೆಡಿಸಿಕೊಂಡಿದ್ದರು. ಸೂಜಿಯಕ್ಕನಿಗೆ ಯಾಕೆ ಎಂಬುದು ಬೇಕಿರಲಿಲ್ಲ, ಯಾವುದು ಎಂಬುದು ಮಾತ್ರ ಕಣ್ಣಿಗೇ ಗೊತ್ತಾಗುತ್ತಿತ್ತು.

ಹೇಗೆಂದರೆ, ರಕ್ತವನ್ನು ಗಾಜಿನ ಟ್ಯೂಬಿನಲ್ಲಿ ಕೊಂಚ ಹೊತ್ತು ನಿಲ್ಲಿಸಿದರೆ ಕೆಂಪು ಭಾಗ ಗಟ್ಟಿಯಾಗಿ ಕೆಳಗೆ ಕೂರುತ್ತದೆ, ಮೇಲೆ ಹುಲ್ಲಿನ ಬಣ್ಣದ ನೀರು ನಿಲ್ಲುತ್ತದೆ. ಅದಕ್ಕೆ ಸೀರಂ ಎನ್ನುತ್ತಾರೆ. ಆ ಟ್ಯೂಬನ್ನು ಹಳೇ ಪೇಪರಿನ ಮುಂದೆ ಹಿಡಿಯುವುದು ಅಲ್ಲಿಯವರ ಅಭ್ಯಾಸ. ಸೀರಂ ಮೂಲಕ ಅಕ್ಷರ ಓದಲು ಬಂದರೆ ತಿಳಿ, ಅಂದರೆ ಸೋಯಾ ಮೊಲ. ಅಕ್ಷರ ಕಲಸಿಹೋದರೆ ಮಬ್ಬು, ಅಂದರೆ ಹಾಲಿನ ಮೊಲ. ಯಂತ್ರ ಆಮೇಲೆ ಹೇಳುವುದನ್ನು ಅವಳು ಪೇಪರಿನ ಮುಂದೆಯೇ ಹೇಳಿಬಿಡುತ್ತಿದ್ದಳು, ಮತ್ತು ಬಹುತೇಕ ಸರಿಯಾಗಿಯೇ ಹೇಳುತ್ತಿದ್ದಳು. ಹಿಂದಿನ ಗುಂಪಿನ ಮೊಲಗಳನ್ನು ಕೊನೆಗೆ ಕೊಯ್ದಾಗ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಸೀಳಿ ಹರವಿದ್ದರು. ಮಬ್ಬಿನ ಮೊಲಗಳ ನಾಳದ ಒಳಗೋಡೆಗೆ ಹಳದಿ ಗೀರುಗಳು ಅಂಟಿದ್ದವು. ಅಂದು ಅವಳು ಅದನ್ನು ನೋಡಿ, ಕೈ ತೊಳೆದು, ಊಟಕ್ಕೆ ಹೋಗಿದ್ದಳು. ಭಾವ ಸತ್ತ ಮೇಲೆ ಆ ಗೀರುಗಳು ನೆನಪಿಗೆ ಬಂದು ಕಾಡತೊಡಗಿದವು.

ಆಸ್ಪತ್ರೆ ಬೇಡ ಎನ್ನುತ್ತಾನೆ, ಸರಿ, ಸೂಜಿ ನನ್ನ ಕೈಲಿದೆಯಲ್ಲ ಎಂದುಕೊಂಡಳು. ಒಂದು ಶನಿವಾರ ಎರಡು ಹೊಸ ಸೂಜಿ, ಎರಡು ಟ್ಯೂಬು ಮನೆಗೆ ತಂದಳು, ಒಂದು ಜೊತೆ ಹೆಚ್ಚಿಗಿರಲಿ ಎಂದು. ಭಾನುವಾರ ಬೆಳಗ್ಗೆಯೇ ತೆಗೆಯಬೇಕೆಂದಿದ್ದಳು, ಆದರೆ ಯಾವುದೋ ಬೀದಿ ಪೂರ್ತಿ ಕತ್ತಲಾಗಿದೆಯೆಂದು ಗಂಡನಿಗೆ ಬೆಳ್ಳಂಬೆಳಗ್ಗೆ ಕರೆ ಬಂತು. ಅವನು ಊಟ ತಿಂಡಿ ಇಲ್ಲದೆ ಸಂಜೆ ಹೊತ್ತಿಗೆ ಸುಸ್ತಾಗಿ ಬಂದ. ಬಂದವನು ಊಟ ಕೇಳಿದ.

"ಊಟ ಆಮೇಲೆ. ಮೊದಲು ತೋಳು ಕೊಡಿ" ಎಂದಳು.

"ಏನೇ, ನಾನೇನು ನಿನ್ನ ಮೊಲಾನಾ?"

"ಮೊಲಗಳೇ ವಾಸಿ ರೀ. ಇಷ್ಟು ಮಾತಾಡಲ್ಲ."

"ಬೇಡ ಅಂದ್ರೆ ಬಿಡ್ತೀಯಾ? ನೀನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಅವನು ತೋಳು ಚಾಚಿದ. ಅಪ್ಪ ಚಾಚಿದ್ದು ನೋಡಿ ಮಗಳೂ ಹಟ ಹಿಡಿದು ಪಕ್ಕದಲ್ಲಿ ಕೂತಳು. ಅವಳನ್ನು ಮನೆಯಲ್ಲಿ ಮರಿ ಎಂದು ಕರೆಯುತ್ತಿದ್ದರು. ಮೂರನೇ ಕ್ಲಾಸಿನ ಹುಡುಗಿ, ಹಾಲು ಬೆಣ್ಣೆ ಎಂದರೆ ಪ್ರಾಣ. ಅಂದು ಮಧ್ಯಾಹ್ನ ಬ್ರೆಡ್ಡಿಗೆ ಬೆರಳು ದಪ್ಪ ಬೆಣ್ಣೆ ಬಳಿದು ತಿಂದಿದ್ದಳು, ಅದರ ಮೇಲೆ ಐಸ್‌ಕ್ರೀಂ ಬೇರೆ ಗಿಟ್ಟಿಸಿಕೊಂಡಿದ್ದಳು. ಸೂಜಿಗೆ ಅತ್ತದ್ದೂ ಇಲ್ಲ. ಸೂಜಿ ಒಳಗೆ ಹೋಗಿ ಹೊರಗೆ ಬಂದದ್ದೇ ತಿಳಿಯಲಿಲ್ಲ ಎಂದು ಅಪ್ಪನ ಎದುರು ಜಂಬ ಕೊಚ್ಚಿದಳು.

ಎರಡೂ ಟ್ಯೂಬನ್ನು ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ, ಕೈ ಒರೆಸಿಕೊಂಡು, ಪೇಪರ್ ಹಿಡಿದು ನೋಡಿದಳು. ಗಂಡನ ಟ್ಯೂಬಿನ ಹಿಂದೆ ಅಕ್ಷರಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ತಿಳಿ ಅಂದರೆ ತಿಳಿ, ತೊಳೆದ ಗಾಜಿನ ಹಾಗೆ. ಅವಳಿಗೆ ಹೋದ ಜೀವ ಬಂದಂತಾಯಿತು. ನಗುತ್ತಲೇ ಇನ್ನೊಂದನ್ನು ಎತ್ತಿದಳು.

ಅಕ್ಷರ ಕಾಣಲಿಲ್ಲ. ಸಾಲು ಕೂಡ ಕಾಣಲಿಲ್ಲ. ಸೀರಂ ಹಾಲು ಬೆರೆಸಿದಂತೆ ಬೆಳ್ಳಗೆ ಮಬ್ಬಾಗಿತ್ತು. ಎಷ್ಟೋ ತಿಂಗಳು ಕೇಸಿನ್ ತಿಂದ ಮೊಲದ್ದೂ ಇಷ್ಟು ಮಬ್ಬಾಗಿದ್ದನ್ನು ಅವಳು ಕಂಡಿರಲಿಲ್ಲ.

ಟ್ಯೂಬು ಅದಲುಬದಲಾಗಿರಬಹುದೇ ಎಂದು ಅಂಟಿಸಿದ ಚೀಟಿ ನೋಡಿದಳು. ಮಗಳದ್ದೇ. ಗಂಡ ಒಳಗೆ ಬಂದು "ಏನಂತೆ ನಿನ್ನ ಶಾಸ್ತ್ರ?" ಎಂದು ಕೇಳಿದ. ಅವಳು ಟ್ಯೂಬನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಬಾಯಿ ಮಾತ್ರ ಮುಚ್ಚಿಕೊಳ್ಳಲಾಗಲಿಲ್ಲ. ನಿಂತಲ್ಲೇ ಅತ್ತು ಎಲ್ಲ ಹೇಳಿಬಿಟ್ಟಳು. ಸಿಳ್ಳೆ ಹಾಕುವ ಮನುಷ್ಯ ನೆಲದ ಮೇಲೆ ಕೂತುಬಿಟ್ಟ.

ಆಗಲೇ ಡಾಕ್ಟರ ಹತ್ತಿರ ಓಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಭಯ ಬಿದ್ದವರಿಗೆ ಎರಡೇ ದಾರಿ, ಓಡುವುದು ಇಲ್ಲವೇ ಬಚ್ಚಿಟ್ಟುಕೊಳ್ಳುವುದು. ಆ ಮನೆಯವರು ಆಸ್ಪತ್ರೆಯಿಂದ ಹೆಣವಾಗಿ ಬಂದವರನ್ನು ಬಿಟ್ಟರೆ ಬೇರೆ ಕಂಡವರಲ್ಲ. ಮೇಲಾಗಿ ಅವಳ ಕೈಯಲ್ಲಿ ಒಂದು ಉಪಾಯವಿತ್ತು. ಹಾಲಿನ ಮೊಲಗಳಿಗೆ ಸೋಯಾ ಕೊಟ್ಟರೆ ಮಬ್ಬು ಇಳಿಯುತ್ತದೆ, ಅದನ್ನು ಅವಳು ಕಣ್ಣಾರೆ ಕಂಡಿದ್ದಳು. ಮೊಲಕ್ಕೆ ಇಳಿದದ್ದು ಮರಿಗೆ ಇಳಿಯದೇ?

ಮಾರನೇ ದಿನದಿಂದ ಮಗಳಿಗೆ ಹಾಲು ಬಂದ್, ಬೆಣ್ಣೆ ಬಂದ್, ಗಿಣ್ಣು ಬಂದ್. ಬೆಳಗ್ಗೆ ಸೋಯಾ ಹಾಲು, ಮಧ್ಯಾಹ್ನ ಸೋಯಾ ಉಂಡೆ, ಸಂಜೆ ಬೇಯಿಸಿದ ಸೋಯಾ ಕಾಳು. ಹುಡುಗಿ ಮೊದಲು ಅತ್ತಳು, ಆಮೇಲೆ ಸಿಟ್ಟಾದಳು, ಆಮೇಲೆ ಸುಮ್ಮನಾದಳು. ಆ ಸುಮ್ಮನಿರುವುದೇ ಅಮ್ಮನಿಗೆ ಹೆಚ್ಚು ಹೆದರಿಕೆ ತಂದಿತು. ಮಗಳು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಅಮ್ಮನ ಉಸಿರು ನಿಲ್ಲುತ್ತಿತ್ತು. ಮಲಗಿದವಳ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದಳು. ಓಡಬೇಡ, ಹಾರಬೇಡ, ಕೂಗಬೇಡ ಎನ್ನುತ್ತಿದ್ದಳು. ಒಂದು ಸಂಜೆ ಮರಿ ಕನ್ನಡಿ ಮುಂದೆ ನಿಂತು ತನ್ನ ಕಿವಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಏನು ನೋಡ್ತಿದ್ದೀಯ?"

"ನಂಬರ್ ಬಂದಿದೆಯಾ ಅಂತ." ಮೊಲಗಳ ಕಿವಿಯೊಳಗೆ ಹಚ್ಚೆ ಹಾಕಿದ ನಂಬರು ಇರುವುದನ್ನು ಒಮ್ಮೆ ಅಮ್ಮನೇ ಹೇಳಿದ್ದಳು. "ಅಮ್ಮ, ಆ ಹಾಲಿನ ಮೊಲಗಳನ್ನ ಕೊನೆಗೆ ಏನು ಮಾಡ್ತಾರೆ?"

"ಮನೆಗೆ ಕಳಿಸ್ತಾರೆ" ಎಂದಳು ಅಮ್ಮ. ಸುಳ್ಳು ಹೇಳುವಾಗ ಅವಳ ಕೈ ನಡುಗಿತು.

ಇತ್ತ ಮನೆಗೆ ಬರುವ ಹಾಲು ನಿಲ್ಲಿಸಿರಲಿಲ್ಲ, ಚೆಲ್ಲಲೂ ಮನಸ್ಸಾಗುತ್ತಿರಲಿಲ್ಲ. ಮಗಳು ಶಾಲೆಗೆ ಹೋದ ಮೇಲೆ ಆ ಹಾಲನ್ನು ಗಂಡ ಕುಡಿಯುತ್ತಿದ್ದ, ಉಳಿದ ಬೆಣ್ಣೆ ಅವನ ಬುತ್ತಿಗೆ ಹೋಗುತ್ತಿತ್ತು. "ಕುಡೀರಿ, ನಿಮ್ಮದು ತಿಳಿಯಾಗಿದೆ" ಎಂದು ಅವಳೇ ಲೋಟ ಕೈಗಿಡುತ್ತಿದ್ದಳು. ಅವನಿಗೆ ಅದು ಬಿಸಿ ತುಪ್ಪದಂತೆ, ನುಂಗಲೂ ಆಗದು, ಉಗುಳಲೂ ಆಗದು. ಒಂದು ಬೆಳಗ್ಗೆ ಅವಳು ಒಗೆದ ಬಟ್ಟೆ ಹರವಿ ಒಳಗೆ ಬರುವಾಗ ಅವನು ಮಲಗಿದ್ದ ಮಗಳ ಕಾಲಬಳಿ ಕೂತು, ಯಾರ ಹತ್ತಿರವೋ ಜಗಳವಾಡುವವನ ಹಾಗೆ ಗೊಣಗುತ್ತಿದ್ದ. "ಇವಳಿಗ್ಯಾಕೆ ಕೊಟ್ಟೆ? ನನಗೆ ಕೊಡಬಾರದಿತ್ತಾ? ಬದಲಾಯಿಸಿಬಿಡು. ನನಗೆ ಕೊಡು." ಅವಳು ಸದ್ದಾಗದಂತೆ ಹಿಂದಕ್ಕೆ ಸರಿದಳು.

ಸಂಶೋಧನಾಲಯದ ಯಂತ್ರ ತಿಂಗಳಿಗೊಮ್ಮೆ ನಡೆಯುತ್ತಿತ್ತು. ಅಷ್ಟು ದಿನದ ಸೀರಂ ಎಲ್ಲ ಶೀತಪೆಟ್ಟಿಗೆಯಲ್ಲಿ ಕಾದಿದ್ದು, ಒಂದೇ ಬಾರಿಗೆ ಮೇಲಿನ ಮಹಡಿಗೆ ಹೋಗುತ್ತಿತ್ತು. ಅಲ್ಲಿ ಯಂತ್ರದ ಮೇಡಂ. ಅವರು ತಮ್ಮ ವಿದ್ಯೆಯಲ್ಲಿ ಗಟ್ಟಿ, ಆದರೆ ಮೊಲಗಳನ್ನು ನಂಬರಿನಲ್ಲಿ ಬಿಟ್ಟು ಬೇರೆ ರೂಪದಲ್ಲಿ ಕಂಡವರಲ್ಲ. ಸೂಜಿಯಕ್ಕ ಆ ಭಾನುವಾರದ ಎರಡು ಸೀರಂಗಳನ್ನೂ ಅದೇ ಶೀತಪೆಟ್ಟಿಗೆಯ ಮೂಲೆಯಲ್ಲಿ ಅಡಗಿಸಿಟ್ಟಿದ್ದಳು. ಮಗಳದು ಎಷ್ಟಿದೆ ಎಂದು ಒಮ್ಮೆ ತಿಳಿದರೆ, ಸೋಯಾ ಕೊಟ್ಟ ಮೇಲೆ ಎಷ್ಟು ಇಳಿಯಿತು ಎಂದು ಅಳೆಯಬಹುದಿತ್ತು. ಕೇಳಿ ಮಾಡಿಸಿಕೊಳ್ಳಲು ಧೈರ್ಯವಿಲ್ಲ, ಮನೆಯವರ ರಕ್ತವನ್ನು ಸಂಶೋಧನೆಯ ಯಂತ್ರಕ್ಕೆ ಹಾಕಿದರೆ ಕೆಲಸಕ್ಕೆ ಕುತ್ತು.

ಆದರೆ ಮೇಲೆ ಹೋಗುವ ಟ್ಯೂಬುಗಳ ಸಾಲಿನಲ್ಲಿ ಎರಡು ಜಾಗ ಖಾಲಿ ಇದ್ದವು. ಸೋಯಾ ಸಾಲಿನ ಹದಿನೇಳನೇ ಮೊಲ ಗೂಡಿನಲ್ಲಿ ಬೆದರಿ ಜಾಡಿಸಿ ಒದ್ದು, ತನ್ನ ಬೆನ್ನುಮೂಳೆ ತಾನೇ ಮುರಿದುಕೊಂಡು ಸತ್ತಿತ್ತು. ಹಾಲಿನ ಸಾಲಿನ ಒಂಬತ್ತನೆಯದು ಮೇವು ಬಿಟ್ಟು ಸತ್ತಿತ್ತು. ಯಂತ್ರ ನಡೆಯುವ ದಿನ ಬೆಳಗ್ಗೆ ಮಬ್ಬಿನ ಟ್ಯೂಬಿಗೆ ಒಂಬತ್ತು ಎಂದು ಚೀಟಿ ಅಂಟಿಸುವಾಗ ಅವಳ ಬೆರಳು ನಿಂತಿತು. ಸತ್ತ ಮೊಲದ ನಂಬರನ್ನು ಮಗಳಿಗೆ ಅಂಟಿಸುತ್ತಿದ್ದೇನಲ್ಲ ಎಂದುಕೊಂಡಳು. ಕಣ್ಣು ಮುಚ್ಚಿ ಅಂಟಿಸಿದಳು. ಗಂಡನ ತಿಳಿ ಟ್ಯೂಬಿಗೆ ಹದಿನೇಳು ಎಂದು ಯಾವ ಯೋಚನೆಯೂ ಇಲ್ಲದೆ ಅಂಟಿಸಿದಳು, ಅದೊಂದು ಜೊತೆಗಿರಲಿ ಎಂದು.

ಮಧ್ಯಾಹ್ನ ಯಂತ್ರದ ಮೇಡಂ ಎಂದೂ ಇಳಿಯದವರು ಮೆಟ್ಟಿಲು ಇಳಿದು ಮೊಲದ ಕೋಣೆಗೇ ಬಂದರು. ಮುಖ ಕೆಂಪಾಗಿತ್ತು. ಬೋಗುಣಿ ತೊಳೆಯುತ್ತಿದ್ದ ಮುದುಕನ ಎದುರು ನಿಂತರು. ಮೊಲಗಳಿಗೆ ಮೇವು ಹಾಕುವುದು, ಗೂಡು ಗುಡಿಸುವುದು ಅವನದು. ಗೂಡಿನಜ್ಜ ಎಂದೇ ಅವನಿಗೆ ಹೆಸರು.

"ಅಜ್ಜ, ಮೇವು ಅದಲುಬದಲು ಮಾಡಿದ್ದೀರಾ?"

"ಇಲ್ಲ ಮೇಡಂ. ಬೋಗುಣಿ ಬಣ್ಣವೇ ಬೇರೆ ಬೇರೆ ಇದೆಯಲ್ಲ."

"ಹಾಗಾದ್ರೆ ಸೋಯಾ ಸಾಲಿನ ಹದಿನೇಳರ ಕೊಲೆಸ್ಟ್ರಾಲ್ ಹೇಗೆ ನಾನೂರರ ಹತ್ತಿರ ಬರುತ್ತೆ? ಹಾಲಿನ ಮೊಲಗಳೇ ಅಷ್ಟಿಲ್ಲ. ಆ ಕಡೆ ಹಾಲಿನ ಒಂಬತ್ತು ನೋಡಿದ್ರೆ ಅದರ ಸಾಲಿನಲ್ಲೇ ಎಲ್ಲಕ್ಕಿಂತ ಕಡಿಮೆ. ಎರಡು ಸಲ ಹಾಕಿ ನೋಡ್ದೆ. ವರ್ಷದ ಕೆಲಸ ನೀರಿಗೆ ಹೋಗುತ್ತೆ, ಗೊತ್ತಾ?"

ಅಜ್ಜ ಬೋಗುಣಿ ಕೆಳಗಿಟ್ಟ. "ಹದಿನೇಳಾ? ಅದು ಸತ್ತು ಹೋಯ್ತಲ್ಲ ಮೇಡಂ. ಒಂಬತ್ತೂ ಹೋಯ್ತು. ನಾನೇ ಕೈಯಾರೆ ಚೀಲಕ್ಕೆ ಹಾಕಿ ಕಳಿಸಿದ್ದು."

ಮೇಡಂ ನಿಧಾನಕ್ಕೆ ತಿರುಗಿ ಸೂಜಿಯಕ್ಕನನ್ನು ನೋಡಿದರು. "ಸತ್ತ ಮೊಲದ ರಕ್ತ ಎಲ್ಲಿಂದ ಬಂತಮ್ಮ?"

ಸೂಜಿಯಕ್ಕನಿಗೆ ಕೆಲಸ ಹೋಗುವ ಯೋಚನೆ ಬರಲಿಲ್ಲ. ಅವಳ ತಲೆಯಲ್ಲಿ ಎರಡು ನಂಬರು ಗಿರಗಿರ ತಿರುಗುತ್ತಿದ್ದವು. ಒಂಬತ್ತು ಕಡಿಮೆ. ಹದಿನೇಳು ನಾನೂರು. "ಟ್ಯೂಬು ಅದಲುಬದಲಾಗಿರಬೇಕು ಮೇಡಂ" ಎಂದಳು. "ಒಂಬತ್ತು ಮಬ್ಬು, ಹದಿನೇಳು ತಿಳಿ. ನಾನೇ ಪೇಪರ್ ಹಿಡಿದು ನೋಡಿದ್ದೀನಿ. ಹದಿನೇಳು ತಿಳಿ ಮೇಡಂ, ಅಕ್ಷರ ಎಲ್ಲ ಕಾಣಿಸ್ತು."

"ಯಾರದ್ದು ಅದು?"

"ನಮ್ಮ ಯಜಮಾನರದ್ದು. ಒಂಬತ್ತು ನನ್ನ ಮಗಳದ್ದು."

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಇದ್ದ ಸ್ಟೂಲು ಎಳೆದು ಅವಳನ್ನು ಕೂರಿಸಿದರು. "ಮಗಳಿಗೆ ಏನೂ ತಿನ್ನಿಸದೆ ರಕ್ತ ತೆಗೆದ್ರಾ?"

"ಬೆಣ್ಣೆ ಬ್ರೆಡ್ ತಿಂದಿದ್ಲು. ಐಸ್‌ಕ್ರೀಂ ತಿಂದಿದ್ಲು."

ಹೇಳುತ್ತಿದ್ದಂತೆ ಅವಳಿಗೇ ಹೊಳೆಯಿತು. ಮೊಲಗಳ ಮೇವಿನ ಬೋಗುಣಿಯನ್ನು ಹಿಂದಿನ ಸಂಜೆಯೇ ಎತ್ತಿಡುವವನು ಗೂಡಿನಜ್ಜ. ಅವಳ ಕೈಗೆ ಸಿಗುವ ಮೊಲ ಯಾವಾಗಲೂ ಖಾಲಿ ಹೊಟ್ಟೆಯದು. ಇಷ್ಟು ವರ್ಷದಲ್ಲಿ ಅದನ್ನು ಅವಳು ಯೋಚಿಸಬೇಕಾಗಿಯೇ ಬಂದಿರಲಿಲ್ಲ. ಕೆಲಸದ ಅರ್ಧ ಭಾಗ ಇನ್ನೊಬ್ಬರ ಕೈಯಲ್ಲಿದ್ದರೆ ಹೀಗೇ, ಅದು ಇದೆ ಎಂಬುದೇ ಮರೆತುಹೋಗುತ್ತದೆ.

"ತಿಂದ ಬೆಣ್ಣೆ ಅದು. ರಕ್ತದಲ್ಲಿ ತೇಲ್ತಾ ಇತ್ತು. ಮಾರನೇ ಬೆಳಗ್ಗೆ ನೋಡಿದ್ರೆ ಇರ್ತಿರಲಿಲ್ಲ" ಎಂದರು ಮೇಡಂ. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ. ಮಗಳ ಕೊಲೆಸ್ಟ್ರಾಲ್ ಮೊಲದ ಸಾಲಿನಲ್ಲಿ ಇಟ್ಟಿದ್ದಕ್ಕೆ ವಿಚಿತ್ರ ಕಾಣಿಸ್ತು. ಮನುಷ್ಯರ ಮಗುವಿಗೆ ಅದು ಸರಿಯಾಗೇ ಇದೆ. ಅವಳಿಗೆ ಏನೂ ಆಗಿಲ್ಲ."

ಎಷ್ಟು ದಿನದಿಂದ ಕಾದಿದ್ದ ಮಾತು. ಆದರೆ ಅದು ಕಿವಿಯಲ್ಲೇ ನಿಂತಿತು, ಒಳಗಿಳಿಯಲಿಲ್ಲ. "ಮತ್ತೆ ಅವರದ್ದು ತಿಳಿಯಾಗಿತ್ತಲ್ಲ ಮೇಡಂ?"

"ಮೊಲಕ್ಕೆ ಕೊಲೆಸ್ಟ್ರಾಲ್ ಏರಿದ್ರೆ ದೊಡ್ಡ ದೊಡ್ಡ ಕೊಬ್ಬಿನ ಹನಿಗಳಲ್ಲಿ ತುಂಬಿಕೊಳ್ಳುತ್ತೆ, ಅದಕ್ಕೆ ಮಬ್ಬು ಕಾಣುತ್ತೆ. ಮನುಷ್ಯರಲ್ಲಿ ಅದು ಕೂರೋ ಹನಿಗಳು ತೀರಾ ಸಣ್ಣ. ಬೆಳಕಿಗೆ ಅಡ್ಡ ಬರಲ್ಲ. ಇನ್ನೂರು ದಾಟಬಾರದ್ದು ನಾನೂರಿದ್ರೂ ನೀರಿನ ಹಾಗೆ ಕಾಣುತ್ತೆ." ಮೇಡಂ ಸ್ವಲ್ಪ ತಡೆದರು. "ಅವರ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಎದೆನೋವಿಂದ ಹೋಗಿದ್ದಾರಾ?"

"ಅಪ್ಪ. ಅಣ್ಣ."

"ಹಿಮ್ಮಡಿ ಮೇಲಿನ ನರ ದಪ್ಪ ಇದೆಯಾ?"

ಆನೆಗೆ ಲಾಳ ಹೊಡೆಯುವವನು ಬರಬೇಕು ಎಂದು ತಾನು ನಕ್ಕ ನಗೆಯೆಲ್ಲ ಒಟ್ಟಿಗೆ ತಿರುಗಿ ಬಂದು ಎದೆಗೆ ಬಡಿಯಿತು. ಅವಳು ತಲೆಯಾಡಿಸಿದಳು.

"ಅದು ಬರೀ ನರ ಅಲ್ಲಮ್ಮ, ಅಲ್ಲಿ ಕೂತಿರೋದೂ ಕೊಲೆಸ್ಟ್ರಾಲೇ. ಹಾಲಿನಿಂದ ಬಂದಿದ್ದಲ್ಲ, ಸೋಯಾದಿಂದ ಹೋಗೋದೂ ಅಲ್ಲ. ಹುಟ್ಟಿನಿಂದ ಬಂದಿದ್ದು. ಮೊಲದ ಕಥೆ ಬೇರೆ, ಇದು ಬೇರೆ. ಮಾತ್ರೆ ಇದೆ, ಚಿಕಿತ್ಸೆ ಇದೆ. ಆದ್ರೆ ಇವತ್ತೇ ಕರ್ಕೊಂಡು ಹೋಗಿ, ನಾಳೆ ಅನ್ನಬೇಡಿ. ಇಲ್ಲಿನದು ನಾನು ದೊಡ್ಡ ಸರ್‌ಗೆ ಹೇಳ್ಕೋತೀನಿ."

ಅವಳು ಕೋಟು ಬಿಚ್ಚುವುದನ್ನೂ ಮರೆತು ಬೀದಿಗೆ ಬಿದ್ದಳು. ಫೋನ್ ಮಾಡಿದರೆ ಎತ್ತಲಿಲ್ಲ. ಮೇಲಿದ್ದಾಗ ಅವನು ಫೋನ್ ಕೆಳಗೆ ಬಿಟ್ಟಿರುತ್ತಾನೆ ಎಂದು ಗೊತ್ತಿದ್ದರೂ, ಪ್ರತಿ ಸಲ ಗಂಟೆ ಬಾರಿಸಿ ನಿಂತಾಗ ಅವಳ ಜೀವ ಬಾಯಿಗೆ ಬರುತ್ತಿತ್ತು. ಬೆಳಗ್ಗೆ ಕೈಗಿಟ್ಟ ಹಾಲಿನ ಲೋಟ ನೆನಪಾಯಿತು, ಬುತ್ತಿಗೆ ಹಾಕಿದ ಬೆಣ್ಣೆ ನೆನಪಾಯಿತು. ನಿಮ್ಮದು ತಿಳಿಯಾಗಿದೆ, ಕುಡೀರಿ. ಸೇತುವೆ ದಾಟಿ, ಮಾರುಕಟ್ಟೆ ದಾಟಿ, ಕೇಳಿಕೊಂಡು ಕೇಳಿಕೊಂಡು ಹೋದಳು. ಕೊನೆಗೆ ಒಂದು ಶಾಲೆಯ ಮೂಲೆಯಲ್ಲಿ ಗಾಡಿ ಕಂಡಿತು. ಕಬ್ಬಿಣದ ತೋಳು ಮೇಲಕ್ಕೆ ಚಾಚಿತ್ತು, ಬುಟ್ಟಿ ಕಂಬದ ತುದಿಯಲ್ಲಿತ್ತು. ಬುಟ್ಟಿಯ ಅಂಚಿನ ಮೇಲೆ ತಲೆ ಕಾಣಲಿಲ್ಲ.

ಕೂಗಿದರೆ ಬೆಚ್ಚಿ ಏನಾದರೂ ಆದರೆ ಎಂಬ ಭಯ ಒಂದು ಕಡೆ, ಕೂಗಿದರೂ ಏಳದಿದ್ದರೆ ಎಂಬ ಭಯ ಇನ್ನೊಂದು ಕಡೆ. ಮೊಲದ ಹಾಗೆ ನಿಂತಳು, ಅಲುಗದೆ, ಮೂಗಿನ ಹೊಳ್ಳೆ ಮಾತ್ರ ಅದುರುತ್ತ. ಆಮೇಲೆ ಮೇಲಿಂದ ಸಣ್ಣಗೆ ಸಿಳ್ಳೆ ಕೇಳಿಸಿತು. ಬಗ್ಗಿ ಸ್ಪ್ಯಾನರ್ ಹುಡುಕುತ್ತಿದ್ದವನು ಎದ್ದು ನಿಂತ, ಕೆಳಗೆ ನೋಡಿದ, ಬಿಳಿ ಕೋಟಿನ ಹೆಂಡತಿಯನ್ನು ಕಂಡು ಅವನ ಮುಖ ಸುಣ್ಣವಾಯಿತು.

ಬುಟ್ಟಿ ಇಳಿಯುವಷ್ಟು ಹೊತ್ತೂ ಅವನು "ಮರಿಗೇನಾಯ್ತು? ಹೇಳೇ, ಮರಿಗೇನಾಯ್ತು?" ಎನ್ನುತ್ತಲೇ ಇದ್ದ.

ಅವಳು ಅವನನ್ನು ಪಾದಚಾರಿ ದಾರಿಯ ಅಂಚಿನ ಕಲ್ಲಿನ ಮೇಲೆ ಕೂರಿಸಿದಳು. ಮಾತಾಡದೆ ಅವನ ಕಾಲು ಎಳೆದುಕೊಂಡು, ಹಿಂಭಾಗ ತುಳಿದ ಶೂ ಕಳಚಿ, ಹಿಮ್ಮಡಿಯ ಮೇಲೆ ಬೆರಳಿಟ್ಟಳು. ಗಟ್ಟಿಯಾದ, ಉಬ್ಬಿದ, ಚಿರಪರಿಚಿತ ನರ. ಎಷ್ಟು ಸಲ ಎಣ್ಣೆ ಹಚ್ಚಿ ತಿಕ್ಕಿದ್ದಳೋ. ಬಿಕ್ಕುತ್ತ ಎಲ್ಲ ಹೇಳಿದಳು, ಒಂಬತ್ತು, ಹದಿನೇಳು, ಬೆಣ್ಣೆ, ಹನಿಗಳು, ಎಲ್ಲ ಕಲಸುಮೇಲೋಗರವಾಗಿ.

ಅವನು ಅರ್ಥ ಮಾಡಿಕೊಂಡದ್ದು ಒಂದನ್ನೇ. "ಹಾಗಾದ್ರೆ ಮರಿಗೆ ಏನೂ ಇಲ್ಲ?"

"ಅವಳಿಗೇನೂ ಇಲ್ಲ. ನಿಮಗೆ. ನಿಮಗೆ ರೀ."

ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆ ಎಂದುಕೊಂಡಳು. ಕೈ ತೆಗೆದಾಗ ನಗುತ್ತಿದ್ದ. ದೀಪ ಹತ್ತಿಸಿದ ಮನುಷ್ಯನ ನಗೆ. "ದೇವರು ಕೇಳಿಸ್ಕೊಂಡ ನೋಡೇ" ಎಂದ. "ಬದಲಾಯಿಸು ಅಂದಿದ್ದೆ. ಬದಲಾಯಿಸಿಬಿಟ್ಟ."

ಅವನ ನಗೆ ನೋಡಿ ಅವಳ ಭಯ ಇನ್ನೂ ಹೆಚ್ಚಾಯಿತು. "ಯಾರೂ ಬದಲಾಯಿಸಿಲ್ಲ. ಮೊದಲಿಂದ ನಿಮ್ಮದೇ ಇತ್ತು. ಏಳಿ, ಆಸ್ಪತ್ರೆಗೆ ಹೋಗೋಣ."

ಬರುವುದಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಎದ್ದ, ಶೂ ಸಿಕ್ಕಿಸಿಕೊಂಡ. "ನಡಿ. ಬರೋವಾಗ ಮರಿಗೆ ಐಸ್‌ಕ್ರೀಂ ತರೋಣ. ಪಾಪ, ಬೆಣ್ಣೆ ಕಂಡು ಎಷ್ಟು ದಿನ ಆಯ್ತು" ಎಂದು ನಾಲ್ಕು ಹೆಜ್ಜೆ ಹಾಕಿದವನು ನಿಂತು, ಎಡಗೈಯನ್ನು ಮೇಲೆ ಕೆಳಗೆ ಜಾಡಿಸಿದ.

"ಅದೇನು?"

"ಏನಿಲ್ಲ. ಹೆಗಲು ಜೋಮು ಹಿಡಿಯುತ್ತೆ. ಸ್ಪ್ಯಾನರ್ ತಿರುಗಿಸಿ ತಿರುಗಿಸಿ."

"ಯಾವಾಗಿಂದ?"

ಅವನು ಯೋಚಿಸಿದ. "ಅಣ್ಣ ಹೋದಾಗಿಂದ ಇರಬೇಕು. ಸ್ಪ್ಯಾನರ್ ಹಿಡಿಯೋದು ಬಲಗೈಲಿ ಅಲ್ವಾ" ಎಂದು ತನ್ನ ಕೈ ತಾನೇ ನೋಡಿಕೊಂಡ. ಆಗ ಮೊದಲ ಸಲ ಅವನ ಕಣ್ಣಲ್ಲೂ ಭಯ ಕಂಡಿತು. ಆಮೇಲೆ ಅವಳು ಅವನನ್ನು ಒಂದು ಹೆಜ್ಜೆಯೂ ನಡೆಯಲು ಬಿಡಲಿಲ್ಲ. ಗಾಡಿ ಓಡಿಸುವ ಜೊತೆಗಾರನೇ, ತೋಳು ಮಡಚಿ, ಇಬ್ಬರನ್ನೂ ಕೂರಿಸಿಕೊಂಡು ಹೊರಟ.

ಆಸ್ಪತ್ರೆಯ ಮೆಟ್ಟಿಲನ್ನು ಅವನು ಹತ್ತಲಿಲ್ಲ, ಗಾಲಿ ಹಾಸಿಗೆಯ ಮೇಲೆ ಹೋದ. ಹೃದಯದ ಒಂದು ರಕ್ತನಾಳ ಕೂದಲೆಳೆಯಷ್ಟು ಮಾತ್ರ ಬಿಟ್ಟು ಮುಚ್ಚಿಕೊಂಡಿದೆ ಎಂದರು ಡಾಕ್ಟರು. ಬೆಳಗ್ಗೆ ಅದನ್ನು ಬಿಡಿಸುತ್ತೇವೆ, ಮಾತ್ರೆ ಜೀವನಪೂರ್ತಿ, ಬದುಕುತ್ತಾರೆ, ಸರಿಯಾದ ಹೊತ್ತಿಗೆ ಕರೆತಂದಿರಿ ಎಂದರು. ಬದುಕುತ್ತಾರೆ ಎಂಬ ಮಾತಿಗೆ ಅವಳು ಕೈ ಮುಗಿದಳು. ಬೆಳಗ್ಗೆ ಎಂಬ ಮಾತಿಗೆ ಗೋಡೆಯ ಗಡಿಯಾರ ನೋಡಿದಳು. ಬೆಳಗಾಗಲು ಇನ್ನೂ ಎಷ್ಟು ಹೊತ್ತಿದೆಯೋ.

ಸುದ್ದಿ ಕೇಳಿ ಓರಗಿತ್ತಿ ಮರಿಯನ್ನೂ, ತನ್ನ ಮಗಳನ್ನೂ ಕರೆದುಕೊಂಡು ಓಡಿಬಂದಳು. ಭಾವ ಬಿಟ್ಟುಹೋದ ಒಬ್ಬಳೇ ಮಗಳು, ಮನೆಯವರಿಗೆಲ್ಲ 'ದೊಡ್ಡ ಹುಡುಗಿ', ಕಾಲೇಜಿಗೆ ಹೋಗುವವಳು. ರೋಗಿಯ ಕೋಣೆಯ ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಹೋಗಬೇಕೆಂದು ನಿಯಮ. ಮರಿ ಒಳಗೆ ಓಡಿ ಅಪ್ಪನ ಹಾಸಿಗೆ ಹಿಡಿದು ನಿಂತಳು. ಇನ್ನು ಮೇಲೆ ನೀನು ಹಾಲು ಕುಡಿಯಬಹುದು ಎಂದು ಅವನು ಹೇಳಿದ್ದು ಕೇಳಿಸಿತು. "ನಿನ್ನ ಕಿವಿ ತೋರಿಸು" ಎಂದು ಅವಳು ಅಪ್ಪನಿಗೆ ಹೇಳಿದ್ದೂ ಕೇಳಿಸಿತು. ಸೂಜಿಯಕ್ಕನಿಗೆ ಅಂದು ಮೊದಲ ಬಾರಿ ಸ್ವಲ್ಪ ನಗು ಬಂತು. ನಗುತ್ತ, ಕಣ್ಣೊರೆಸಿಕೊಳ್ಳಲು ಬಗ್ಗಿದಳು.

ಬಾಗಿಲ ಬಳಿ ಪಾದರಕ್ಷೆಗಳ ಸಾಲಿತ್ತು. ಗಂಡನ ಶೂ, ಹಿಂಭಾಗ ತುಳಿದದ್ದು. ಮರಿಯ ಶಾಲೆಯ ಶೂ, ನೆಟ್ಟಗೆ ನಿಂತದ್ದು. ಅದರ ಪಕ್ಕದಲ್ಲಿ ದೊಡ್ಡ ಹುಡುಗಿಯ ಶೂ. ಹೊಸದು, ಬಣ್ಣ ಇನ್ನೂ ಮಾಸಿಲ್ಲ, ಲೇಸು ಹೊಳೆಯುತ್ತಿತ್ತು. ಹಿಂಭಾಗ ಎರಡೂ ಕಡೆ ತುಳಿದು ಚಪ್ಪಟೆಯಾಗಿತ್ತು.

ಅವಳು ಆ ಚಪ್ಪಟೆ ಹಿಂಭಾಗದ ಮೇಲೆ ಬೆರಳಿಟ್ಟು ನೋಡಿದಳು. ಓರಗಿತ್ತಿ ಹತ್ತಿರ ಬಂದು "ಇನ್ನೇನು ಹೆದರಿಕೆ ಇಲ್ವಂತಲ್ಲ, ಅಳಬೇಡ" ಎಂದು ಭುಜ ಸವರಿದಳು. ಸೂಜಿಯಕ್ಕ ಅವಳ ಕೈ ಹಿಡಿದುಕೊಂಡಳು. ಯಾವ ಮೊಲವನ್ನೂ ಅಷ್ಟು ಗಟ್ಟಿಯಾಗಿ ಹಿಡಿದವಳಲ್ಲ.

"ಅಕ್ಕ" ಎಂದಳು. "ನಾಳೆ ಬೆಳಗ್ಗೆ ಹುಡುಗೀನ ಇಲ್ಲಿಗೆ ಕರ್ಕೊಂಡು ಬಾ. ಏನೂ ತಿನ್ನಿಸಬೇಡ."